ಡೈರೆಕ್ಟರಿಯಲ್ಲಿ ಕನ್ನಡ ಹೆಸರಿಗೂ ಜಾಗವಿದೆ

ಮಾನ್ಯರೇ,

ಕಾಲೇಜು, ಕಚೇರಿಗಳಲ್ಲಿ ಎಲ್ಲರ ಲಾಗಿನ್ ನೋಡಿಕೊಳ್ಳುವ ಎಲ್‌ಡಿಎಪಿ ಡೈರೆಕ್ಟರಿ ಸರ್ವರ್‌ಗೆ ಸಿಬ್ಬಂದಿಯ ಹೆಸರನ್ನು ಕನ್ನಡದಲ್ಲೂ ಹಾಕಿ ಎಂದರೆ ‘ಸರ್ವರ್ ತಗೊಳ್ಳಲ್ಲ’ ಎಂಬ ಉತ್ತರ ಬರುತ್ತದೆ. ಇದು ತಪ್ಪು ತಿಳಿವಳಿಕೆ. ಎಲ್‌ಡಿಎಪಿಯ ಮೂರನೇ ಆವೃತ್ತಿ ಬಂದ 1997ರಿಂದಲೂ ಹೆಸರುಗಳನ್ನು ಎಲ್ಲ ಭಾಷೆಗಳ ಅಕ್ಷರಗಳಿಗೂ ಜಾಗವಿರುವ ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲೇ ಇಡಲಾಗುತ್ತಿದೆ. ದಾಖಲೆಯಲ್ಲಿ ಹೆಸರು ಇಡುವ ಅಂಕಣವಾದ ‘ಸಿಎನ್’ ಅಟ್ರಿಬ್ಯೂಟ್‌ನ ನಂತರ ಅರ್ಧವಿರಾಮ ಹಾಕಿ, ಕನ್ನಡದ ಗುರುತಾದ ‘ಲ್ಯಾಂಗ್-ಕೆಎನ್’ ಎಂದು ಬರೆದರೆ, ಇಂಗ್ಲಿಷ್ ಹೆಸರು ಹಾಗೇ ಇದ್ದು ಕನ್ನಡದ ಹೆಸರು ಅದರ ಪಕ್ಕದಲ್ಲಿ ಕೂರುತ್ತದೆ. ಓಪನ್‌ಎಲ್‌ಡಿಎಪಿ ಎಂಬ ಸರ್ವರ್ ತಂತ್ರಾಂಶದಲ್ಲಿ ಇದಕ್ಕೆ ಹೊಸ ಸ್ಕೀಮಾ, ಅಂದರೆ ದಾಖಲೆಯ ಹೊಸ ವಿನ್ಯಾಸ, ಬೇಕಿಲ್ಲ.

ಜನ ಎಡವುವುದು ಡೈರೆಕ್ಟರಿಗೆ ದಾಖಲೆ ತುಂಬಲು ಬೇಕಾದ ಎಲ್‌ಡಿಐಎಫ್ ಎಂಬ ಪಠ್ಯ ಫೈಲ್ ತಯಾರಿಸುವಾಗ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪಟ್ಟಿ ನೋಡಲು ಕನ್ನಡ, ಒಳಗೆ ಅಲ್ಲ: ಅಲ್ಲಿನ ‘ಕ’ ಫೈಲಿನಲ್ಲಿ ಇಂಗ್ಲಿಷಿನ ದೊಡ್ಡ ‘ಪಿ’ಯಿಂದ ಶುರುವಾಗುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಎಕ್ಸೆಲ್‌ನಿಂದ ‘ಸಿಎಸ್‌ವಿ ಯುಟಿಎಫ್-8’ ಎಂದು ಉಳಿಸಿದ ಫೈಲಿನ ತಲೆಯಲ್ಲಿ ಕಣ್ಣಿಗೆ ಕಾಣದ ಮೂರು ಬೈಟ್‌ಗಳ ಗುರುತು ಸೇರಿಕೊಂಡಿರುತ್ತದೆ. ಅದು ಎಲ್‌ಡಿಐಎಫ್‌ಗೂ ದಾಟಿದರೆ ಇದು ಯಾರ ದಾಖಲೆ ಎಂದು ಹೇಳುವ ಮೊದಲ ‘ಡಿಎನ್’ ಸಾಲೇ ಕೆಡುತ್ತದೆ, ಕಾರಣ ಮಾತ್ರ ಎಡಿಟರ್‌ನಲ್ಲಿ ಎಷ್ಟು ಹುಡುಕಿದರೂ ಕಾಣುವುದಿಲ್ಲ.

ಎಲ್‌ಡಿಐಎಫ್ ನಿಯಮದ ಪ್ರಕಾರ ಕನ್ನಡದ ಹೆಸರನ್ನು ಬೇಸ್64ಕ್ಕೆ, ಅಂದರೆ ಬರೀ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ರೂಪಕ್ಕೆ ತಿರುಗಿಸಿ, ಅಟ್ರಿಬ್ಯೂಟ್ ಹೆಸರಿನ ನಂತರ ಒಂದಲ್ಲ, ಎರಡು ಕೋಲನ್ ಹಾಕಬೇಕು. ಕೆಲವು ಟೂಲ್‌ಗಳು ಹಸಿ ಕನ್ನಡವನ್ನೂ ಬಿಟ್ಟುಕೊಳ್ಳುತ್ತವೆ, ಅದನ್ನು ನಂಬಿ ಕೂರಬಾರದು. ತಿರುಗಿಸಲು ಬರೀ ‘ಎಕೋ’ ಕಮಾಂಡ್ ಬಳಸಿದರೆ ಹೆಸರಿನ ಕೊನೆಗೆ ಹೊಸ ಸಾಲಿನ ಚಿಹ್ನೆಯೂ ಅಂಟಿಕೊಂಡು ಒಳಗೆ ಹೋಗುತ್ತದೆ, ‘ಪ್ರಿಂಟ್‌ಎಫ್’ ಬಳಸಿ. ಲಿನಕ್ಸ್‌ನ ಬೇಸ್64 ಕಮಾಂಡ್ 76 ಅಕ್ಷರಕ್ಕೊಮ್ಮೆ ಸಾಲು ಮುರಿಯುತ್ತದೆ. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಬೇಸ್64ರಲ್ಲಿ ನಾಲ್ಕು ಅಕ್ಷರ. ಅಂದರೆ 19 ಸಂಕೇತಕ್ಕೇ ಸಾಲು ತುಂಬಿತು. ಗುಣಿತ, ಒತ್ತು ಎಲ್ಲ ಸೇರಿ ಊರು, ತಂದೆಯ ಹೆಸರಿರುವ ಪೂರ್ಣ ಹೆಸರು ಸುಲಭವಾಗಿ ಇದನ್ನು ದಾಟುತ್ತದೆ. ಮುಂದಿನ ಸಾಲು ಒಂದು ಖಾಲಿ ಜಾಗದಿಂದ ಶುರುವಾಗದಿದ್ದರೆ ಆ ದಾಖಲೆ ಬಿದ್ದುಹೋಗುತ್ತದೆ. ಸಾಲು ಮುರಿಯದಂತೆ ‘ಡಬ್ಲ್ಯೂ’ ಆಯ್ಕೆಗೆ ಸೊನ್ನೆ ಕೊಡಿ.

ಸರಿಯಾಗಿದೆಯೇ ಎಂದು ನೋಡಲು ಒಂದು ಸುಲಭದ ಗುರುತಿದೆ. ಕನ್ನಡ ಅಕ್ಷರದಿಂದ ಶುರುವಾಗುವ ಯಾವ ಹೆಸರಾದರೂ ಬೇಸ್64ರಲ್ಲಿ 4, ದೊಡ್ಡ ಎಲ್, ದೊಡ್ಡ ಕೆ ಎಂದೇ ಶುರುವಾಗುತ್ತದೆ. ಬೇರೇನಾದರೂ ಕಂಡರೆ ನುಡಿ ಫಾಂಟೋ, ಹೆಸರಿನ ಮೊದಲಿಗೆ ಉಳಿದ ಖಾಲಿ ಜಾಗವೋ ಇರಬೇಕು.

ಸಿಬ್ಬಂದಿಯ ದಾಖಲೆಗಳು ಈಗಾಗಲೇ ಇರುವುದರಿಂದ ಹೊಸ ದಾಖಲೆ ಸೇರಿಸುವ ‘ಎಲ್‌ಡಿಎಪಿಆಡ್’ ಕಮಾಂಡ್ ಬೇಡ, ಅದು ‘ದಾಖಲೆ ಆಗಲೇ ಇದೆ’ ಎಂಬ 68ನೇ ದೋಷ ಕೊಟ್ಟು ನಿಲ್ಲುತ್ತದೆ. ಇರುವುದನ್ನು ತಿದ್ದುವ ‘ಎಲ್‌ಡಿಎಪಿಮಾಡಿಫೈ’ ಬಳಸಿ. ಬದಲಾವಣೆಯನ್ನು ‘ಆಡ್’ ಎಂದು ಬರೆಯುವ ಬದಲು ‘ರಿಪ್ಲೇಸ್’ ಎಂದು ಬರೆಯುವುದು ಒಳ್ಳೆಯದು. ನಡುವೆ ಒಂದು ದಾಖಲೆ ಕೆಟ್ಟರೆ ಅಲ್ಲಿಯವರೆಗೆ ಸೇರಿದ್ದು ಹಿಂದಕ್ಕೆ ಬರುವುದಿಲ್ಲ. ‘ಆಡ್’ ಇದ್ದರೆ ಎರಡನೇ ಸಲ ಓಡಿಸಿದಾಗ ಅವೆಲ್ಲಕ್ಕೂ ‘ಈ ಹೆಸರು ಆಗಲೇ ಇದೆ’ ಎಂಬ 20ನೇ ದೋಷ ಬರುತ್ತದೆ. ‘ರಿಪ್ಲೇಸ್’ ಎಷ್ಟು ಸಲ ಓಡಿದರೂ ತೊಂದರೆಯಿಲ್ಲ, ಇಂಗ್ಲಿಷ್ ಹೆಸರನ್ನೂ ಮುಟ್ಟುವುದಿಲ್ಲ. ಸಣ್ಣ ‘ಸಿ’ ಆಯ್ಕೆ ಕೊಟ್ಟರೆ ದೋಷ ಬಂದರೂ ಮುಂದುವರಿಯುತ್ತದೆ. ದೊಡ್ಡ ‘ಎಸ್’ ಜತೆಗೆ ಫೈಲಿನ ಹೆಸರು ಕೊಟ್ಟರೆ ಬಿದ್ದ ದಾಖಲೆಗಳೆಲ್ಲ ಅದರಲ್ಲಿ ಸಿಗುತ್ತವೆ.

ಹೊಸ ಸರ್ವರ್‌ಗೆ ಸಾವಿರಾರು ದಾಖಲೆ ತುಂಬುವುದಾದರೆ ಡೇಟಾಬೇಸ್‌ಗೆ ನೇರವಾಗಿ ಬರೆಯುವ ‘ಸ್ಲ್ಯಾಪ್‌ಆಡ್’ ಕಮಾಂಡ್ ವೇಗ. ಸರ್ವರ್ ನಿಲ್ಲಿಸಿಯೇ ಓಡಿಸಬೇಕು. ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಓಡಿಸಿದ್ದರೆ ಡೇಟಾಬೇಸ್ ಫೈಲುಗಳ ಒಡೆತನವನ್ನು ಸರ್ವರ್‌ನ ಬಳಕೆದಾರನಿಗೆ ಮರಳಿಸಿ, ಇಲ್ಲದಿದ್ದರೆ ಅದು ಮತ್ತೆ ಏಳುವುದಿಲ್ಲ.

ಕೊನೆಗೆ ಹೆಸರು ಸೇರಿದೆಯೇ ಎಂದು ‘ಎಲ್‌ಡಿಎಪಿಸರ್ಚ್’ ಕಮಾಂಡ್‌ನಿಂದ ಹುಡುಕಿದಾಗ ಕನ್ನಡದ ಬದಲು ಅದೇ 4, ಎಲ್, ಕೆ ಸಾಲು ಕಾಣುತ್ತದೆ. ಹಾಳಾಯಿತೆಂದು ಅಳಿಸಬೇಡಿ. ಆ ಸಾಲಿನಲ್ಲಿ ಎರಡು ಕೋಲನ್ ನಂತರದ ಭಾಗವನ್ನು ಬೇಸ್64 ಕಮಾಂಡಿಗೆ ‘ಡಿ’ ಆಯ್ಕೆಯೊಂದಿಗೆ ಕೊಡಿ, ಹೆಸರು ಕನ್ನಡದಲ್ಲೇ ಹೊರಬರುತ್ತದೆ.

–ಸಿಸ್ಟಂ ನಿರ್ವಾಹಕ, ಧಾರವಾಡ