ಬರುವಾಗ ಎಂಟು ಗಂಟೆ, ಹೋಗುವಾಗ ಹತ್ತು

ಟೋಕಿಯೊ

ತೀರ್ಥರೂಪರಾದ ಅಪ್ಪ ಅಮ್ಮನಿಗೆ ಸಾಷ್ಟಾಂಗ ನಮಸ್ಕಾರಗಳು.

ಟಿಕೆಟ್ ನೋಡಿ ಅಪ್ಪ ಕೇಳಿದ್ದರಲ್ಲ, ಬರುವಾಗ ಹನ್ನೊಂದೂವರೆ ಗಂಟೆ, ವಾಪಸ್ ಹೋಗುವಾಗ ಬರೀ ಆರೂವರೆ ಗಂಟೆ, ಇದೆಂಥ ಲೆಕ್ಕ ಅಂತ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ಇಳಿಯುವ ಹೊತ್ತು ಇಳಿಯುವ ಊರಿನದು. ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ. ಬೆಂಗಳೂರಲ್ಲಿ ಸಂಜೆ 7ಕ್ಕೆ ಹೊರಟು ಟೋಕಿಯೊದ ನರಿಟಾ ವಿಮಾನ ನಿಲ್ದಾಣದಲ್ಲಿ ಬೆಳಗ್ಗೆ 6:30ಕ್ಕೆ ಇಳಿಯುತ್ತೀರಿ. ಅದರಲ್ಲಿ ಮೂರೂವರೆ ಕಳೆದರೆ ನಿಜವಾದ ಪ್ರಯಾಣ ಎಂಟೇ ಗಂಟೆ. ವಾಪಸ್ ಬರುವಾಗ ಮೂರೂವರೆ ಕೂಡಿಸಿ: ಸಂಜೆ 6ರಿಂದ ರಾತ್ರಿ 12:30, ಅಂದರೆ ಹತ್ತು ಗಂಟೆ.

ದಾರಿ ಒಂದೇ, ನೇರ ಅಳೆದರೆ ಸುಮಾರು 6,700 ಕಿ.ಮೀ. ಆದರೂ ಎರಡು ಗಂಟೆ ಹೆಚ್ಚು ಹಿಡಿಯುವುದು ಗಾಳಿಯಿಂದ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿಯ ಹಾಗೆ ಹರಿಯುವ ಗಾಳಿಗೆ ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಚಳಿಗಾಲದಲ್ಲಿ ಜಪಾನಿನ ಮೇಲೆ ಅದರ ವೇಗ ಗಂಟೆಗೆ 300 ಕಿ.ಮೀ. ದಾಟುವುದುಂಟು. ಇದನ್ನು ಮೊದಲು ಬಲೂನು ಹಾರಿಬಿಟ್ಟು ಅಳೆದವರಲ್ಲಿ ಒಯಿಶಿ ವಾಸಾಬುರೊ ಎಂಬ ಇಲ್ಲಿಯವರೇ ಒಬ್ಬರು, 1920ರ ದಶಕದಲ್ಲಿ. ವಿಮಾನದ ಸ್ವಂತ ವೇಗ ಗಂಟೆಗೆ 900 ಅಂದುಕೊಳ್ಳಿ. ದಾರಿಯುದ್ದಕ್ಕೂ ಸರಾಸರಿ 100 ಕಿ.ಮೀ. ಗಾಳಿ ಬೆನ್ನಿಗಿದ್ದರೆ ಅದು ಸಾವಿರವಾಗುತ್ತದೆ, ಎದುರಿಗಿದ್ದರೆ ಎಂಟುನೂರಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಗಾಳಿ ತಗ್ಗುವುದರಿಂದ ಈ ಅಂತರ ಕಡಿಮೆ. ಗಾಳಿಯ ಅಂಚಿನಲ್ಲಿ ವಿಮಾನ ಕುಲುಕುತ್ತದೆ, ಅಮ್ಮ ಹೆದರಬಾರದು. ಬೆಲ್ಟ್ ಮಾತ್ರ ಮಲಗಿದಾಗಲೂ ಬಿಚ್ಚಬೇಡ.

ಸಿಂಗಪುರದ ಮೇಲೆ ಬಂದರೆ ಅಗ್ಗ ಅಂತ ಯಾರೋ ಹೇಳಿದರಂತೆ. ಬೆಂಗಳೂರಿಂದ ಅಲ್ಲಿಗೆ ಸುಮಾರು 3,200 ಕಿ.ಮೀ., ಅಲ್ಲಿಂದ ಇಲ್ಲಿಗೆ 5,350. ಹೆಚ್ಚುಕಮ್ಮಿ 1,800 ಕಿ.ಮೀ. ಸುತ್ತು, ಜೊತೆಗೆ ನಡುವೆ ಕಾಯುವ ಹೊತ್ತು ಬೇರೆ. ಅಪ್ಪನ ಮಂಡಿಗೆ ನೇರ ವಿಮಾನವೇ ಸರಿ.

ನಿಜವಾಗಿ ಕಷ್ಟವಾಗುವುದು ನಿದ್ದೆಗೆ. ಇಲ್ಲಿಯ 6:30 ಅಂದರೆ ನಿಮ್ಮ ಮೈಗೆ ಬೆಳಗಿನ ಜಾವ 3 ಗಂಟೆ. ಇಳಿಯುವುದಕ್ಕೆ ಎರಡು ಗಂಟೆ ಮುಂಚೆ ದೀಪ ಹಾಕಿ ತಿಂಡಿ ಕೊಡುತ್ತಾರೆ, ಆಗ ನಮ್ಮೂರಲ್ಲಿ ರಾತ್ರಿ ಒಂದು ಗಂಟೆ. ಹಾಗಾಗಿ ಸಿನಿಮಾ ನೋಡುತ್ತ ಕೂತರೆ ನಿದ್ದೆಯೇ ಸಿಗುವುದಿಲ್ಲ. ಸೀಟಿನಲ್ಲಿ ಕೂತ ಕೂಡಲೇ ವಾಚನ್ನು ಜಪಾನಿನ ಸಮಯಕ್ಕೆ ತಿರುಗಿಸಿ, ಊಟ ಮುಗಿದ ತಕ್ಷಣ ಕಣ್ಣು ಮುಚ್ಚಿ. ಎಚ್ಚರವಾದಾಗಲೆಲ್ಲ ಎದ್ದು ಎರಡು ಹೆಜ್ಜೆ ಓಡಾಡಿ, ಕಾಲು ಬಾಯುವುದಿಲ್ಲ. ಬಿ.ಪಿ. ಮಾತ್ರೆ ಕೈಚೀಲದಲ್ಲಿರಲಿ, ಅಲ್ಲಿ ಬೆಳಗ್ಗೆ 8ಕ್ಕೆ ನುಂಗುವುದು ಇಲ್ಲಿ 11:30 ಆಗುತ್ತದೆ, ಹೊತ್ತು ಹೇಗೆ ಬದಲಿಸಬೇಕೆಂದು ಡಾಕ್ಟರನ್ನು ಮೊದಲೇ ಕೇಳಿ.

ನರಿಟಾದಿಂದ ಟೋಕಿಯೊ ನಗರದ ನಡುವಿಗೆ ಇನ್ನೂ 60 ಕಿ.ಮೀ.ಯಷ್ಟಿದೆ, ರೈಲಿನಲ್ಲಿ ಸುಮಾರು ಒಂದು ಗಂಟೆ. ಬೆರಳಚ್ಚು, ಫೋಟೊ, ಕಸ್ಟಮ್ಸ್ ಎಲ್ಲ ಮುಗಿಸಿ ನಿಧಾನವಾಗಿ ಬನ್ನಿ, ನಾನು ಹೊರಗೆ ಬಾಗಿಲಲ್ಲೇ ಇರುತ್ತೇನೆ. ಅಮ್ಮಾ, ಕರಿಬೇವು, ಮಾವಿನಹಣ್ಣು ಕಟ್ಟಿಕೊಳ್ಳಬೇಡ, ತೆಗೆದಿಟ್ಟುಕೊಳ್ಳುತ್ತಾರೆ.

ವಾಪಸ್ ಬರುವ ದಿನಕ್ಕೆ ಕಾರು ಹೇಳುವಾಗ ಒಂದು ನೆನಪಿಡಿ. ನೀವು ಇಳಿಯುವುದು ಮಧ್ಯರಾತ್ರಿ ದಾಟಿ 12:30ಕ್ಕೆ, ಅಂದರೆ ಹೊರಟ ಮರುದಿನದ ತಾರೀಖಿಗೆ. ಡ್ರೈವರಿಗೆ ಆ ತಾರೀಖನ್ನೇ ಬರೆದುಕೊಡಿ.

ಇಂತಿ ನಿಮ್ಮ ಪ್ರೀತಿಯ ಮಗಳು