ಪತ್ರಿಕೆ ಕೊಡಲ್ಲ ಅಂದಿರಿ, ಕ್ಲಬ್ ಯಾಕೆ ಕೊಟ್ಟಿರಿ? ಬ್ರಿಟನ್ನಿನ ಕ್ರೀಡಾ ಸಚಿವರಿಗೊಂದು ಬಹಿರಂಗ ಪತ್ರ

ಬ್ರಿಟನ್ನಿನ ಸಂಸ್ಕೃತಿ, ಮಾಧ್ಯಮ ಮತ್ತು ಕ್ರೀಡಾ ಸಚಿವರಿಗೆ ನಮಸ್ಕಾರ.

ಕಳೆದ ತಿಂಗಳು ನನ್ನ ಅಣ್ಣನ ಮಗ ಊರಿನಿಂದ ಫೋನ್ ಮಾಡಿದ. ಡಿಪ್ಲೊಮಾ ಮುಗಿಸಿದ್ದಾನೆ. ರಿಯಾದ್‌ನಲ್ಲಿ ಕೆಲಸ ಇದೆ, ಬರ್ತೀಯಾ ಅಂತ ಒಬ್ಬ ಏಜೆಂಟ್ ಕೇಳಿದ್ದಾನಂತೆ. 2034ರ ವಿಶ್ವಕಪ್ ಅಲ್ಲೇ ನಡೆಯೋದು, ಸ್ಟೇಡಿಯಂ ಕೆಲಸ ಬೇಕಾದಷ್ಟಿದೆ ಅಂದನಂತೆ. ಅಪ್ಪ ಬೇಡ ಅನ್ನುತ್ತಿದ್ದಾರೆ, ನೀವಾದ್ರೂ ಹೇಳಿ ಅತ್ತೆ ಅಂದ. ಆಮೇಲೆ ಒಂದು ಮಾತು ಸೇರಿಸಿದ. "ನಿಮ್ಮ ನ್ಯೂಕಾಸಲ್ ಓನರ್‌ಗಳ ದೇಶವೇ ಅಲ್ವಾ? ಒಳ್ಳೆಯವರೇ ಇರಬೇಕು."

ನಾನಿರುವ ಊರಿನ ಫುಟ್ಬಾಲ್ ಕ್ಲಬ್ ನ್ಯೂಕಾಸಲ್ ಯುನೈಟೆಡ್‌ಗೆ 2021ರಿಂದ ಸೌದಿ ಸರ್ಕಾರದ ಫಂಡೇ ಮಾಲೀಕ. ನನಗೆ ಮಾತು ಹೊರಡಲಿಲ್ಲ. ನಾಲ್ಕು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದನ್ನು ಇವತ್ತು ಬರೆಯುತ್ತಿರುವುದು ಆ ಒಂದು ಮಾತಿಗೆ.

ನಾನು ನ್ಯೂಕಾಸಲ್‌ನಲ್ಲಿ ನರ್ಸ್. ಊರು ಕುಂದಾಪುರದ ಹತ್ತಿರ. ಇಲ್ಲಿಗೆ ಬಂದಿದ್ದು 2008ರಲ್ಲಿ. ಈ ಪತ್ರದ ಇಂಗ್ಲಿಷ್ ಪ್ರತಿ ನಿಮಗೆ ಅಂಚೆಯಲ್ಲಿ ಬರುತ್ತದೆ. ಕನ್ನಡದಲ್ಲೂ ಬರೆಯುತ್ತಿದ್ದೇನೆ, ಯಾಕೆಂದರೆ ನಮ್ಮ ಕರಾವಳಿಯಲ್ಲಿ ಎಷ್ಟೋ ಮನೆಯ ಗಂಡಸರು ಗಲ್ಫ್‌ನಲ್ಲಿದ್ದಾರೆ, ಅದೇ ಮನೆಯ ಹುಡುಗರು ಶನಿವಾರ ರಾತ್ರಿ ಪ್ರೀಮಿಯರ್ ಲೀಗ್ ನೋಡುತ್ತಾ ಕೂರುತ್ತಾರೆ. ಅವರೂ ಓದಬೇಕು.

ಮೊದಲೇ ಒಂದು ಹೇಳಿಬಿಡುತ್ತೇನೆ. ನಾನು ಈ ಕ್ಲಬ್ಬಿನ ವಿರೋಧಿ ಅಲ್ಲ. ಬಂದ ಹೊಸದರಲ್ಲಿ ಇಲ್ಲಿಯವರ ಇಂಗ್ಲಿಷ್ ನನಗೆ ಅರ್ಧ ತಿಳಿಯುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ವಾರ್ಡಿನಲ್ಲಿ ಬಿಪಿ ನೋಡುವಾಗ ಮುದುಕರು ಮ್ಯಾಚಿನ ಕಥೆ ಹೇಳುತ್ತಿದ್ದರು. ಆ ಕಥೆ ಕೇಳಿ ಕೇಳಿಯೇ ಭಾಷೆ ಕಲಿತೆ. ಮೈಕ್ ಆಶ್ಲಿ ಮಾಲೀಕನಾಗಿದ್ದ ಹದಿನಾಲ್ಕು ವರ್ಷದಲ್ಲಿ ಎರಡು ಸಲ, 2009 ಮತ್ತು 2016ರಲ್ಲಿ, ಕ್ಲಬ್ ಕೆಳಗಿನ ಡಿವಿಷನ್ನಿಗೆ ಬಿತ್ತು. ಆಗ ಊರಿಗೆ ಊರೇ ಸೂತಕದ ಮನೆಯಂತಿತ್ತು. 2025ರ ಮಾರ್ಚ್ 16ರಂದು ವೆಂಬ್ಲಿಯಲ್ಲಿ ಲಿವರ್‌ಪೂಲ್ ವಿರುದ್ಧ ಡ್ಯಾನ್ ಬರ್ನ್ ತಲೆಯಿಂದ ಗೋಲು ಹೊಡೆದಾಗ ನಾನೂ ಅತ್ತೆ. ಪಕ್ಕದ ಬ್ಲೈತ್ ಊರಿನ ಹುಡುಗ ಅವನು. ಚಿಕ್ಕವನಿದ್ದಾಗ ಇದೇ ಕ್ಲಬ್ ಬೇಡ ಅಂತ ಕಳಿಸಿದ್ದ ಹುಡುಗ. ದೇಶದೊಳಗಿನ ದೊಡ್ಡ ಟ್ರೋಫಿ ಬಂದಿದ್ದು 1955ರ ನಂತರ ಅದೇ ಮೊದಲು, ಎಪ್ಪತ್ತು ವರ್ಷಕ್ಕೆ. ಅದನ್ನು ನೋಡಲಿಕ್ಕೆಂದೇ ಜೀವ ಹಿಡಿದುಕೊಂಡಿದ್ದ ಮುದುಕರು ನನಗೆ ಗೊತ್ತು. ಆ ಸಂತೋಷ ಸುಳ್ಳಲ್ಲ. ಸುಳ್ಳಲ್ಲ ಅನ್ನುವುದಕ್ಕೇ ನನಗೆ ಇಷ್ಟು ಸಂಕಟ.

ಈಗ ನನ್ನ ಅಣ್ಣನ ವಿಷಯ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ಅಣ್ಣ 2005ರಲ್ಲಿ ಸೌದಿಯ ದಮ್ಮಾಮ್‌ಗೆ ಹೋದ. ಎಸಿ ಮೆಕ್ಯಾನಿಕ್. ಸರ್ಕಾರಿ ಕಟ್ಟಡಗಳ ಗುತ್ತಿಗೆ ಹಿಡಿಯುತ್ತಿದ್ದ ಒಂದು ಕಂಪನಿ, ಹೆಸರು ಬೇಡ. ಹತ್ತು ವರ್ಷ ಹೇಗೋ ನಡೆಯಿತು. ನನ್ನ ನರ್ಸಿಂಗ್ ಸಾಲ ತೀರಿದ್ದೇ ಅವನ ದುಡ್ಡಿನಿಂದ. ಎಣ್ಣೆ ಬೆಲೆ ಬಿತ್ತು, ಅಲ್ಲಿಯ ಸರ್ಕಾರದಿಂದ ಗುತ್ತಿಗೆದಾರರಿಗೆ ಬಿಲ್ ಬರುವುದು ತಡವಾಯಿತು, 2016ರ ಶುರುವಿನಿಂದ ಸಂಬಳ ನಿಂತಿತು. ಆ ವರ್ಷ ನಮ್ಮ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅವರೇ ಸೌದಿಯಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಭಾರತೀಯರು ಊಟಕ್ಕಿಲ್ಲದೆ ಇದ್ದಾರೆ ಅಂದಿದ್ದರು. ನಮ್ಮ ಅಣ್ಣನಂಥವರು ಅವರು. ಆಗ ಅವನು ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ್ದ. ದೊಡ್ಡ ಪಾತ್ರೆಯ ತಳದಲ್ಲಿ ಎರಡು ಬೆರಳು ಗಂಜಿ, ಪಕ್ಕದಲ್ಲಿ ನಾಲ್ಕು ಹೋಳು ಮಾಡಿದ ಒಂದು ಈರುಳ್ಳಿ. ನಾಲ್ಕು ಜನರ ಊಟ ಅದು. ಇಕಾಮಾ, ಅಂದರೆ ಅಲ್ಲಿ ಇರಲು ಬೇಕಾದ ಪರವಾನಗಿ, ಮುಗಿದಿತ್ತು. ಅದನ್ನು ನವೀಕರಿಸಬೇಕಾದದ್ದು ಕಂಪನಿ, ಆದರೆ ಅದಿಲ್ಲದೆ ಹೊರಗೆ ಕಾಲಿಟ್ಟರೆ ಪೊಲೀಸರು ಹಿಡಿಯುವುದು ಕೆಲಸಗಾರನನ್ನ.

ಅಪ್ಪ ತೀರಿಕೊಂಡಿದ್ದು ಅದೇ ವರ್ಷ ಮಳೆಗಾಲದಲ್ಲಿ. ಅಣ್ಣ ಬರಬೇಕೆಂದರೆ ಆಗ ಎಕ್ಸಿಟ್, ಅಂದರೆ ದೇಶ ಬಿಡುವ ಅನುಮತಿ ಬೇಕಿತ್ತು, ಎಕ್ಸಿಟ್‌ಗೆ ಕಂಪನಿಯ ಒಪ್ಪಿಗೆ ಬೇಕಿತ್ತು, ಕಂಪನಿಯ ಆಫೀಸಿಗೆ ಬೀಗ. ಚಿಕ್ಕಪ್ಪನ ಮಗ ಕೊಳ್ಳಿ ಇಟ್ಟ. ಅಣ್ಣ ಬಂದಿದ್ದು ಡಿಸೆಂಬರ್‌ನಲ್ಲಿ, ಒಂದು ಕೈಚೀಲ ಹಿಡಿದುಕೊಂಡು. ಒಂಬತ್ತು ತಿಂಗಳ ಸಂಬಳ ಇವತ್ತಿಗೂ ಬಂದಿಲ್ಲ. ಲೇಬರ್ ಕೋರ್ಟಿನ ಅರಬ್ಬಿ ಕಾಗದಗಳು ಪ್ಲಾಸ್ಟಿಕ್ ಕವರಿನಲ್ಲಿ ದೇವರ ಕೋಣೆಯ ಕಪಾಟಿನಲ್ಲಿವೆ. ಮನೆಯಲ್ಲಿ ಓದಬಲ್ಲವರು ಯಾರೂ ಇಲ್ಲ.

2022ರ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಹುಡುಗನಿಗೆ ಅಂತ ಕ್ಲಬ್ಬಿನ ಆ ವರ್ಷದ ಮೂರನೇ ಜೆರ್ಸಿ ಒಯ್ದಿದ್ದೆ. ಬಿಳಿ ಬಣ್ಣ, ಹಸಿರು ಅಂಚು. ಅಣ್ಣ ಕೈಗೆ ತೆಗೆದುಕೊಂಡು, "ಇದು ಸೌದಿ ಟೀಮಿನದ್ದಲ್ವಾ?" ಅಂದ. ಅಲ್ಲ, ನಮ್ಮ ನ್ಯೂಕಾಸಲ್‌ದು ಅಂದೆ. ಎದೆಯ ಮೇಲಿನ ಲಾಂಛನವನ್ನು, ಆ ಎರಡು ಕಡಲಕುದುರೆಗಳನ್ನು ಹೆಬ್ಬೆರಳಿನಿಂದ ಸವರಿ ನೋಡಿದ. ಆಮೇಲೆ ಅಂಗಡಿಯಲ್ಲಿ ಮಡಿಸಿ ಇಡುವ ಹಾಗೆ ನೀಟಾಗಿ ಮಡಿಸಿ ನನ್ನ ಕೈಗೇ ವಾಪಸ್ ಕೊಟ್ಟ. ಏನೂ ಬೈಯಲಿಲ್ಲ. ಒಳಗೆ ಹೋದ.

ನನ್ನ ಅಣ್ಣನ ಸಂಬಳ ತಿಂದಿದ್ದು ನ್ಯೂಕಾಸಲ್ ಕ್ಲಬ್ ಅಂತ ನಾನು ಹೇಳುತ್ತಿಲ್ಲ. ಅಷ್ಟು ತಿಳಿಯದವಳಲ್ಲ. ಆದರೆ ಕೆಲಸಗಾರನ ಬೀಗದ ಕೈ ಯಜಮಾನನ ಕಿಸೆಯಲ್ಲಿಟ್ಟ ಕಾನೂನು ಆ ರಾಜ್ಯದ್ದು. ಆ ರಾಜ್ಯದ ಬೊಕ್ಕಸವೇ ನನ್ನ ಕ್ಲಬ್ಬಿನ ಮಾಲೀಕ. ಇದಕ್ಕೆ ಒಪ್ಪಿಗೆ ಸಿಕ್ಕಿದ್ದು ನಿಮ್ಮ ದೇಶದಲ್ಲಿ.

ಹೇಗೆ ಸಿಕ್ಕಿತು ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 2021ರ ಅಕ್ಟೋಬರ್ 7ರಂದು 30.5 ಕೋಟಿ ಪೌಂಡ್‌ಗೆ ವ್ಯಾಪಾರ ಮುಗಿಯಿತು. ಆಗ ನೂರಕ್ಕೆ ಎಂಬತ್ತು ಪಾಲು ಸೌದಿಯ ಪಬ್ಲಿಕ್ ಇನ್ವೆಸ್ಟ್‌ಮೆಂಟ್ ಫಂಡ್‌ನದು. ಆ ಫಂಡಿನ ಅಧ್ಯಕ್ಷರು ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್. ಆದರೂ ಸೌದಿ ಸರ್ಕಾರ ಕ್ಲಬ್ ನಡೆಸುವುದಿಲ್ಲ ಅಂತ ಕಾನೂನುಬದ್ಧ ಭರವಸೆ ಸಿಕ್ಕಿದೆ ಎಂದು ಪ್ರೀಮಿಯರ್ ಲೀಗ್ ಹೇಳಿತು. ಆ ಭರವಸೆಯ ಕಾಗದವನ್ನು ಟಿಕೆಟ್ ಕೊಳ್ಳುವ ನಾವು ಯಾರೂ ನೋಡಿಲ್ಲ. ಈ ಫಂಡು ಹಣ ಹಾಕಿದ್ದ ಲಿವ್ ಗಾಲ್ಫ್ ಲೀಗಿನ ವ್ಯಾಜ್ಯ 2023ರಲ್ಲಿ ಅಮೆರಿಕದ ಕೋರ್ಟಿನಲ್ಲಿ ನಡೆಯುತ್ತಿದ್ದಾಗ ಇದೇ ಫಂಡಿನ ವಕೀಲರು, ನಮ್ಮ ಗವರ್ನರ್ ಯಾಸಿರ್ ಅಲ್ ರುಮಯ್ಯಾನ್ ಸೌದಿ ಸರ್ಕಾರದ ಹಾಲಿ ಮಂತ್ರಿ, ಅವರನ್ನು ಪ್ರಶ್ನೆ ಮಾಡುವಂತಿಲ್ಲ ಅಂತ ವಾದಿಸಿದರು. ಅದೇ ರುಮಯ್ಯಾನ್ ನ್ಯೂಕಾಸಲ್ ಕ್ಲಬ್ಬಿನ ಚೇರ್ಮನ್. ಅಲ್ಲಿ ನಾವೇ ಸರ್ಕಾರ, ಇಲ್ಲಿ ನಮಗೂ ಸರ್ಕಾರಕ್ಕೂ ಸಂಬಂಧ ಇಲ್ಲ. ಇದನ್ನು ನಮ್ಮೂರಿನ ಪಂಚಾಯಿತಿ ಕಟ್ಟೆಯಲ್ಲಿ ಹೇಳಿದರೂ ಯಾರೂ ಒಪ್ಪುವುದಿಲ್ಲ, ನಿಮ್ಮಲ್ಲಿ ಹೇಗೆ ಒಪ್ಪಿದರು?

ಇನ್ನೂ ನೋಯಿಸುವುದು ಒಂದಿದೆ. ಪತ್ರಕರ್ತ ಜಮಾಲ್ ಖಶೋಗ್ಗಿ ಅವರನ್ನು ಇಸ್ತಾಂಬುಲ್‌ನ ಸೌದಿ ದೂತಾವಾಸದೊಳಗೆ ಕೊಂದಿದ್ದು 2018ರಲ್ಲಿ. 2020ರಲ್ಲಿ ಈ ವ್ಯಾಪಾರ ಮೊದಲ ಸಲ ನಿಂತುಹೋದಾಗ ಎಲ್ಲರ ಬಾಯಲ್ಲಿದ್ದ ದೊಡ್ಡ ತಕರಾರು ಆ ಕೊಲೆ ಅಲ್ಲ, ಟಿವಿ ಪ್ರಸಾರದ ಕಳ್ಳತನ. ಅಲ್ಲಿ ಪ್ರೀಮಿಯರ್ ಲೀಗ್ ಪ್ರಸಾರದ ಹಕ್ಕಿದ್ದ ಕತಾರ್‌ನ ಬಿಇನ್ ಚಾನೆಲ್ ಮೇಲಿದ್ದ ನಿಷೇಧವನ್ನು 2021ರಲ್ಲಿ ಸೌದಿ ತೆಗೆಯಿತು ಅಂತ ಸುದ್ದಿ ಬಂತು, ಮಾರನೇ ದಿನವೇ ಕ್ಲಬ್ ಮಾರಾಟವಾಯಿತು. ಟಿವಿ ಹಕ್ಕಿನ ಲೆಕ್ಕ ಚುಕ್ತಾ ಆಯಿತು, ಮನುಷ್ಯನ ಲೆಕ್ಕ ಕೇಳುವ ನಿಯಮವೇ ಇರಲಿಲ್ಲ.

2022ರ ಮಾರ್ಚ್ 12ರಂದು ಸೌದಿಯಲ್ಲಿ ಒಂದೇ ದಿನ 81 ಜನರಿಗೆ ಮರಣದಂಡನೆ ಆಯಿತು. ಮಾರನೇ ದಿನ ನಮಗೆ ಚೆಲ್ಸಿ ವಿರುದ್ಧ ಮ್ಯಾಚ್. ಅದರ ಬಗ್ಗೆ ಕೇಳಿದಾಗ ಕೋಚ್ ಎಡ್ಡಿ ಹೌ ನಾನು ಫುಟ್ಬಾಲ್ ಬಗ್ಗೆ ಮಾತ್ರ ಮಾತಾಡುತ್ತೇನೆ ಅಂದರು. ಅವರನ್ನು ಬೈದು ಪ್ರಯೋಜನ ಇಲ್ಲ. ಒಂದು ರಾಜ್ಯದ ಪರವಾಗಿ ಉತ್ತರ ಕೊಡುವ ಸ್ಥಿತಿಗೆ ಒಬ್ಬ ಕೋಚನ್ನು ತಂದಿಟ್ಟವರು ಯಾರು? ಅದು ನನ್ನ ಪ್ರಶ್ನೆ, ಮತ್ತು ಅದು ನಿಮಗೆ.

ಇದು ನಮ್ಮ ಊರಿನ ಕ್ಲಬ್ಬಿನದು ಮಾತ್ರ ಅಲ್ಲ. ಮ್ಯಾಂಚೆಸ್ಟರ್ ಸಿಟಿ 2008ರಿಂದ ಅಬುಧಾಬಿಯ ಶೇಖ್ ಮನ್ಸೂರ್ ಅವರ ಕೈಯಲ್ಲಿದೆ. ಅವರು ಯುಎಇಯ ಉಪಾಧ್ಯಕ್ಷರೂ ಹೌದು. ಪ್ಯಾರಿಸ್‌ನ ಪಿಎಸ್‌ಜಿ 2011ರಿಂದ ಕತಾರ್‌ದು.

ಈಗ ಮುಖ್ಯ ಮಾತು. ಇದೇ ಶೇಖ್ ಮನ್ಸೂರ್ ಅವರ ಹಣದ ಬೆಂಬಲ ಇದ್ದ ಒಂದು ಕಂಪನಿ ನಿಮ್ಮ ಟೆಲಿಗ್ರಾಫ್ ಪತ್ರಿಕೆ ಕೊಳ್ಳಲು ಬಂದಾಗ ನಿಮ್ಮ ಸಂಸತ್ತು ಏನು ಮಾಡಿತು? 2024ರಲ್ಲಿ ಕಾನೂನನ್ನೇ ತಿದ್ದಿ, ವಿದೇಶಿ ಸರ್ಕಾರ ಬ್ರಿಟಿಷ್ ಪತ್ರಿಕೆಯ ಮಾಲೀಕ ಆಗುವ ಹಾಗಿಲ್ಲ ಅಂತ ಬಾಗಿಲು ಹಾಕಿತು. 2025ರಲ್ಲಿ ನೂರಕ್ಕೆ ಹದಿನೈದರವರೆಗಿನ ಪಾಲಿಗೆ ಅವಕಾಶ ಕೊಟ್ಟಿರಿ, ಯಜಮಾನಿಕೆಗೆ ಕೊಡಲಿಲ್ಲ. ಸರಿಯಾದ ಕೆಲಸ. ಹಾಗಾದರೆ ಅದೇ ಮನುಷ್ಯ ಪತ್ರಿಕೆಯ ಮಾಲೀಕ ಆಗಬಾರದು, ಇಡೀ ಒಂದು ಊರು ಎದೆಗೆ ಹಚ್ಚಿಕೊಂಡ ಕ್ಲಬ್ಬಿನ ಮಾಲೀಕ ಆಗಬಹುದು ಅನ್ನುವುದು ಯಾವ ನ್ಯಾಯ? ಪತ್ರಿಕೆ ಜನರ ಮನಸ್ಸು ತಿರುಗಿಸುತ್ತದೆ ಅಂತ ತಾನೇ ನಿಮ್ಮ ಭಯ. ನನ್ನ ಅಣ್ಣನ ಮಗ ಟೆಲಿಗ್ರಾಫ್ ಓದುವುದಿಲ್ಲ. ಅವನ ಮನಸ್ಸು ತಿರುಗಿಸಿದ್ದು ಆ ಕಪ್ಪು ಬಿಳುಪು ಪಟ್ಟೆಯ ಅಂಗಿ.

ಪತ್ರಿಕೆಗೆ ಇಟ್ಟ ನಿಯಮವನ್ನೇ ಕ್ಲಬ್ಬಿಗೂ ಇಡಿ. ನಾನು ಕೇಳುತ್ತಿರುವುದು ಇಷ್ಟೇ.

2025ರ ಜುಲೈನಲ್ಲಿ ಫುಟ್ಬಾಲ್ ಆಡಳಿತದ ಕಾಯ್ದೆ ಆಯಿತು, ಸ್ವತಂತ್ರ ನಿಯಂತ್ರಕರು ಬಂದರು. ಹಿಂದಿನ ಸರ್ಕಾರದ ಮಸೂದೆಯಲ್ಲಿ, ಮಾಲೀಕರನ್ನು ಪರೀಕ್ಷಿಸುವಾಗ ಬ್ರಿಟನ್ನಿನ ವಿದೇಶಾಂಗ ಮತ್ತು ವ್ಯಾಪಾರ ನೀತಿಯನ್ನೂ ಗಮನದಲ್ಲಿಡಬೇಕು ಅಂತ ಇತ್ತು. ಅದನ್ನು ನೀವು ತೆಗೆದಿರಿ, ಸಂತೋಷ. ಆದರೆ ವಿದೇಶಿ ಸರ್ಕಾರ ಮಾಲೀಕ ಆಗುವಂತಿಲ್ಲ ಅನ್ನುವ ಒಂದು ಸಾಲು ಯಾಕೆ ಸೇರಿಸಲಿಲ್ಲ? ಹಣದ ಮೂಲ ಕೇಳುತ್ತೀರಿ, ಪ್ರಾಮಾಣಿಕತೆ ಕೇಳುತ್ತೀರಿ. ಸ್ವಂತ ಪೊಲೀಸು, ಸ್ವಂತ ಕೋರ್ಟು, ಸ್ವಂತ ಜೈಲು ಇರುವ ಮಾಲೀಕನಿಗೆ ನಿಮ್ಮ ಪರೀಕ್ಷೆ ಏನು ಮಾಡುತ್ತದೆ? ಜರ್ಮನಿಯಲ್ಲಿ, ಒಂದೆರಡು ಕ್ಲಬ್ ಬಿಟ್ಟರೆ, ಅರ್ಧಕ್ಕಿಂತ ಜಾಸ್ತಿ ಮತ ಸದಸ್ಯರ ಕೈಯಲ್ಲೇ ಇರಬೇಕು ಅಂತ ನಿಯಮ ಇದೆ. ಅಲ್ಲೇನು ಫುಟ್ಬಾಲ್ ನಿಂತುಹೋಗಿದೆಯಾ?

ನನ್ನ ಜೊತೆ ಕೆಲಸ ಮಾಡುವವರು ಒಂದು ಮಾತು ಹೇಳುತ್ತಾರೆ. ಸರ್ಕಾರವೇ ಸೌದಿಗೆ ಯುದ್ಧವಿಮಾನ ಮಾರುವಾಗ ಫುಟ್ಬಾಲ್ ಅಭಿಮಾನಿಯ ಮೇಲೆ ಯಾಕೆ ಧರ್ಮದ ಭಾರ ಹೊರಿಸುತ್ತೀಯಾ ಅಂತ. ಮಾತಿನಲ್ಲಿ ಸತ್ಯ ಇದೆ. ಅದಕ್ಕೇ ನಾನು ಅಭಿಮಾನಿಗಳಿಗೆ ಬರೆಯುತ್ತಿಲ್ಲ, ನಿಮಗೆ ಬರೆಯುತ್ತಿದ್ದೇನೆ. ಹದಿನಾಲ್ಕು ವರ್ಷ ಹಸಿದವರ ಮುಂದೆ ಎಲೆ ಹಾಕಿ ಬಡಿಸಿ, ಅನ್ನ ಎಲ್ಲಿಂದ ಬಂತು ಅಂತ ಯಾಕೆ ಕೇಳಲಿಲ್ಲ ಅನ್ನುವುದು ತಪ್ಪು. ಕೇಳಬೇಕಾದವರು ನೀವಿದ್ದಿರಿ.

ವಿದೇಶಿ ಸರ್ಕಾರಕ್ಕೆ, ಆಳುವ ಕುಟುಂಬಕ್ಕೆ ಯಾವ ಕ್ಲಬ್ಬಿನ ಯಜಮಾನಿಕೆಯೂ ಸಿಗಬಾರದು ಅಂತ ಕಾಯ್ದೆ ತಿದ್ದಿ. ಈಗಾಗಲೇ ಇರುವವರಿಗೆ ಮಾರಿ ಹೋಗಲು ಒಂದು ಗಡುವು ಕೊಡಿ, ಅದು ಐದು ವರ್ಷ ಆದರೂ ಆಗಲಿ. ಅಲ್ಲಿಯವರೆಗೆ 2021ರ ಆ ಭರವಸೆಯ ಕಾಗದವನ್ನು ಜನರ ಮುಂದೆ ಇಡಿಸಿ. ಪತ್ರಿಕೆಗೆ ಇಟ್ಟ ನಿಯಮವನ್ನೇ ಕ್ಲಬ್ಬಿಗೂ ಇಡಿ. ಇದು ಲೀಗ್‌ನ ವಿಷಯ, ನಿಯಂತ್ರಕರ ವಿಷಯ ಅಂತ ದಯವಿಟ್ಟು ಉತ್ತರ ಬರೆಯಬೇಡಿ. ಕಾಯ್ದೆ ಸಂಸತ್ತಿನದು, ಅದನ್ನು ಸಂಸತ್ತಿಗೆ ತರಬೇಕಾದವರು ನೀವು.

ಹುಡುಗನಿಗೆ ನಾನು ಬೇಡ ಅಂದಿದ್ದೇನೆ. ಯಾಕೆ ಅಂತ ಕೇಳಿದ್ದಾನೆ. ಅಪ್ಪನ ಹತ್ತಿರ ಆ ಪ್ಲಾಸ್ಟಿಕ್ ಕವರ್ ಕೇಳಿ ನೋಡು ಅಂದೆ. ನೋಡಿದನೋ ಇಲ್ಲವೋ ಗೊತ್ತಿಲ್ಲ, ಏಜೆಂಟ್ ಮಾತ್ರ ದಿನಾ ಫೋನ್ ಮಾಡುತ್ತಿದ್ದಾನಂತೆ.

ತಿದ್ದುಪಡಿ ಯಾವಾಗ ತರುತ್ತೀರಿ ಅಂತ ದಿನಾಂಕ ಹಾಕಿ ಬರೆಯಿರಿ.

ಇಂತಿ,
ನ್ಯೂಕಾಸಲ್‌ನಲ್ಲಿರುವ ಒಬ್ಬ ನರ್ಸ್