ಇದು ಯಾರ ಊರು?

ಆತ್ಮೀಯ ಕನ್ನಡ ಬಂಧುಗಳೇ,

ರಾಜ್ಯೋತ್ಸವದ ಸಂಚಿಕೆ ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ಏಕೀಕರಣದ ಬಗ್ಗೆ ಬರೆಯೋಣವೆಂದು ಕುಳಿತರೆ, ಬೇಸಿಗೆಯಲ್ಲಿ ನಾವೆಲ್ಲ ಹೋಗಿಬಂದ, ಚೆಕ್ ಗಣರಾಜ್ಯದ ಹೊಲಶೊವಿತ್ಸೆ ಹಳ್ಳಿಯೇ ಕಣ್ಣಮುಂದೆ ಬರುತ್ತಿದೆ. ಅದನ್ನೇ ಬರೆಯುತ್ತೇನೆ.

ಅಂದು ಬರಲಾಗದವರಿಗೆ ಊರಿನ ಗುರುತು ಹೇಳುತ್ತೇನೆ. ಚೆಸ್ಕೆ ಬುದ್ಯೆಯೊವಿತ್ಸೆ ನಗರದಿಂದ ಪಶ್ಚಿಮಕ್ಕೆ ಸುಮಾರು 15 ಕಿಲೋಮೀಟರ್. ದಕ್ಷಿಣಕ್ಕೆ ಬ್ಲಾನ್ಸ್ಕಿ ಲೆಸ್ ಕಾಡುಗುಡ್ಡಗಳು, ಅವುಗಳ ನಡುವೆ 1,084 ಮೀಟರ್ ಎತ್ತರದ ಕ್ಲೆತ್ ಶಿಖರ. ಊರ ನಟ್ಟನಡುವೆ ಉದ್ದನೆಯ ಹುಲ್ಲುಬಯಲು. ಅದರಲ್ಲಿ ಒಂದು ಮೀನಿನ ಕೆರೆ, ಕಮ್ಮಾರಸಾಲೆ, 1755ರಲ್ಲಿ ಕಟ್ಟಿದ ಪುಟ್ಟ ಪ್ರಾರ್ಥನಾ ಮಂದಿರ. ಸುತ್ತಲೂ ಬಯಲಿಗೆ ಮುಖಮಾಡಿ ನಿಂತ ರೈತರ ಮನೆಗಳು. ಕಮಾನಿನ ಹೆಬ್ಬಾಗಿಲು ದಾಟಿದರೆ ಅಂಗಳ, ಹಿಂದೆ ಕಣಜ, ಅದರಾಚೆ ಹಿತ್ತಿಲು, ಹೊಲ. ಮುಂಗೋಡೆಗಳ ನೆತ್ತಿಯಲ್ಲಿ ಬಳುಕುವ ಅಂಚು, ಗಾರೆಯ ಹೂಬಳ್ಳಿ, ಕಟ್ಟಿದ ವರ್ಷ. ಗ್ರಾಮೀಣ ಬರೋಕ್ ಎನ್ನುವ ಈ ಶೈಲಿಯ ಗೋಡೆಗಳು 19ನೆಯ ಶತಮಾನದವು. ಊರಿನ ವಿನ್ಯಾಸ ಮಾತ್ರ ಮಧ್ಯಯುಗದ್ದೇ. 1998ರಲ್ಲಿ ಯುನೆಸ್ಕೋ ಇಡೀ ಹಳ್ಳಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಷ್ಟು ಅಂದ ನೋಡಿದ ಮೇಲೆ ಚರಿತ್ರೆ ಕೇಳಿದರೆ ಎದೆ ಭಾರವಾಗುತ್ತದೆ. 1263ರಲ್ಲಿ ಊರಿನ ಮೊದಲ ಉಲ್ಲೇಖ. 1292ರಲ್ಲಿ ಎರಡನೆಯ ವಾತ್ಸ್ಲಾವ್ ದೊರೆ ಅದನ್ನು ವಿಶ್ಶಿ ಬ್ರೋದ್ ಊರಿನ ಸಿಸ್ಟರ್ಶಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳ ಮಠಕ್ಕೆ ದಾನ ಕೊಟ್ಟ. 1520ರಿಂದ 1525ರ ನಡುವೆ ಪ್ಲೇಗ್ ಬಂದು ಹೋದಾಗ ಉಳಿದವರು ಇಬ್ಬರೇ ಇಬ್ಬರು. ಮಠದವರು ಬವೇರಿಯಾ, ಆಸ್ಟ್ರಿಯಾಗಳಿಂದ ಕುಟುಂಬಗಳನ್ನು ಕರೆತಂದು ನೆಲೆಗೊಳಿಸಿದರು. ಜರ್ಮನ್ ಊರಿನ ಮಾತಾಯಿತು. 1895ರಲ್ಲಿ 157 ಜರ್ಮನ್ನರಿದ್ದರೆ ಚೆಕ್ಕರು 19 ಜನ. ಆಮೇಲೆ ಎರಡನೆಯ ಮಹಾಯುದ್ಧ. ನಾಜಿಗಳು ಈ ದೇಶಕ್ಕೆ ಮಾಡಿದ ಘೋರ ಅನ್ಯಾಯದ ಸಿಟ್ಟು ಯುದ್ಧ ಮುಗಿದ ಮೇಲೆ ಇಲ್ಲಿನ ಜರ್ಮನ್ ಭಾಷಿಕರೆಲ್ಲರ ಮೇಲೆ ತಿರುಗಿತು. ದೇಶದಿಂದ ಸುಮಾರು 30 ಲಕ್ಷ ಜನರನ್ನು ಹೊರಹಾಕಿದರು. ಈ ಹಳ್ಳಿಯ ಮನೆಗಳೂ ಬರಿದಾದವು, ಹಲವು ಪಾಳುಬಿದ್ದವು. 1990ರ ನಂತರವೇ ಅವು ದುರಸ್ತಿಯಾಗಿ ಮತ್ತೆ ಜನ ತುಂಬಿದ್ದು.

ಪ್ಲೇಗಿನಲ್ಲಿ ಸತ್ತವರ ನೆನಪಿಗೆ ನಿಲ್ಲಿಸಿದ ಕಂಬದ ಬಳಿ ಇದನ್ನೆಲ್ಲ ಮಕ್ಕಳಿಗೆ ಹೇಳುತ್ತಿದ್ದಾಗ, ನಮ್ಮ ಕನ್ನಡ ತರಗತಿಯ ಪುಟ್ಟ ಹುಡುಗಿಯೊಬ್ಬಳು ಕೇಳಿದಳು: "ಆಂಟಿ, ಹಾಗಾದರೆ ಇದು ಯಾರ ಊರು?"

ನನಗೆ ಥಟ್ಟನೆ ಅಜ್ಜಿ ನೆನಪಾದರು. ನನ್ನ ತಾಯಿಯ ತವರು ಸಾಗರ ತಾಲ್ಲೂಕಿನ ಹಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರಿನಲ್ಲಿ ಮುಳುಗಿತು. ಅಜ್ಜಿ ಹೊಸ ಊರಿನಲ್ಲಿ ಅಡಿಕೆ ಸುಲಿಯುತ್ತ ಕುಳಿತಾಗ ಹಳೆಯ ಊರಿನ ಮನೆಗಳನ್ನು ಸಾಲಾಗಿ ಹೇಳುತ್ತಿದ್ದರು: ಮೇಲಿನಮನೆ, ನಡುಮನೆ, ಹೊಳೆಬದಿ ಮನೆ, ಹಲಸಿನಮರದ ಮನೆ. ಯಾರ ಮನೆಯ ಬಾವಿ ಬೇಸಿಗೆಯಲ್ಲಿ ಬತ್ತುತ್ತಿರಲಿಲ್ಲ, ಯಾವ ಗದ್ದೆಯ ಬದುವಿನಲ್ಲಿ ಹಾವಿನ ಹುತ್ತ, ಯಾರ ಕೊಟ್ಟಿಗೆಯ ಎಮ್ಮೆ ಹೊಸ ಜಾಗಕ್ಕೆ ಹೊಂದಿಕೊಳ್ಳದೆ ಮೇವು ಬಿಟ್ಟಿತು, ಎಲ್ಲವೂ ಕ್ರಮವಾಗಿ ಬರಬೇಕು. ನಡುವೆ ಒಂದು ಮನೆ ತಪ್ಪಿದರೆ ಮೊದಲಿನಿಂದ ಶುರು. ಊರು ಬಿಡುವಾಗ ಮನೆಯ ಬಾಗಿಲುವಾಡವನ್ನು ಕಿತ್ತು ಎತ್ತಿನ ಗಾಡಿಯಲ್ಲಿ ತಂದಿದ್ದರಂತೆ. ಹೊಸ ಮನೆಗೂ ಅದೇ ಬಾಗಿಲುವಾಡ.

ಹಾಗಾಗಿ ಆ ಮಗುವಿಗೆ ಹೇಳಿದೆ: "ಇಲ್ಲಿ ಬದುಕಿದ ಎಲ್ಲರದ್ದೂ, ಪುಟ್ಟಿ." ಈಗಲೂ ಅದನ್ನೇ ಹೇಳುತ್ತೇನೆ. ಪಾಳುಮನೆಗೆ ಸುಣ್ಣ ಬಳಿದು ದೀಪ ಹಚ್ಚಿದ ಇಂದಿನ ಚೆಕ್ ಕುಟುಂಬಗಳ ಶ್ರಮ ದೊಡ್ಡದು. ಆ ಗೋಡೆಗಳನ್ನು ಕಟ್ಟಿಸಿ ವರ್ಷ ಬರೆಸಿದವರನ್ನು ಬಿಟ್ಟು ಊರಿನ ಕಥೆ ಹೇಳುವುದಕ್ಕೆ ಮಾತ್ರ ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನು ಸೂಚನೆಗಳು, ಜಾಗ ಕಡಿಮೆ ಇದೆ. ರಾಜ್ಯೋತ್ಸವ ನವೆಂಬರ್ ಎರಡನೆಯ ಭಾನುವಾರ, ಬೆಳಗ್ಗೆ 10ಕ್ಕೆ ಧ್ವಜಾರೋಹಣ, ಕಳೆದ ವರ್ಷದ ಸಭಾಂಗಣವೇ. ಊಟಕ್ಕೆ ಬರುವವರ ಸಂಖ್ಯೆಯನ್ನು ಈ ವಾರವೇ ತಿಳಿಸಿ. ಬಿಸಿಬೇಳೆಬಾತ್‌ಗೆ ದೊಡ್ಡ ಪಾತ್ರೆ ಇರುವವರು ದಯವಿಟ್ಟು ತನ್ನಿ. ಶನಿವಾರದ ಕನ್ನಡ ತರಗತಿ ಎಂದಿನಂತೆ ನಡೆಯುತ್ತದೆ. ಗ್ರಂಥಾಲಯದ ಪುಸ್ತಕಗಳನ್ನು ಮರಳಿಸಿ. ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಚಳಿಗಾಲದ ಕೋಟು ಬೇಕಾಗಿವೆ.

ಮತ್ತೊಂದು ಮಾತು. ಈ ಪತ್ರಿಕೆಯ ಪುಟವಿನ್ಯಾಸ ಮಾಡುತ್ತಿದ್ದ ದಂಪತಿ ಡಿಸೆಂಬರ್‌ನಲ್ಲಿ ಮೈಸೂರಿಗೆ ಮರಳುತ್ತಿದ್ದಾರೆ. ಅವರ ಋಣ ದೊಡ್ಡದು. ಅವರಿಲ್ಲದೆ ಮುಂದಿನ ಸಂಚಿಕೆ ತರುವುದು ನನ್ನೊಬ್ಬಳಿಂದ ಆಗುವುದಿಲ್ಲ. ಕನ್ನಡ ಬೆರಳಚ್ಚು ಬಲ್ಲ ಯಾರಾದರೂ ಇಬ್ಬರು ಮುಂದೆ ಬನ್ನಿ, ಉಳಿದದ್ದನ್ನು ಕಲಿತುಕೊಳ್ಳೋಣ. ಸಂಕ್ರಾಂತಿ ಸಂಚಿಕೆಗೆ ಪ್ರತಿ ಮನೆಯಿಂದ ಒಂದು ಪುಟ ಬೇಕು: ನಿಮ್ಮ ಊರು, ಅದರ ಕೆರೆ, ಗುಡಿ, ಬೀದಿಯ ಮನೆಗಳ ಹೆಸರು. ಹಿರಿಯರಿಗೆ ಫೋನು ಮಾಡಿ ಕೇಳಿ ಬರೆಯಿರಿ. ಡಿಸೆಂಬರ್ 10ರೊಳಗೆ ತಲುಪಲಿ, ಕೈಬರಹವಾದರೂ ಸರಿ.

— ಸಂಪಾದಕಿ